ಟಿಎಫ್‌ಟಿಪಿ ಶುರು ಮಾಡುವುದು ಹೇಗೆ? ಪಿಂಗ್ ಹೋಗುತ್ತೆ, ಫೈಲ್ ಮಾತ್ರ ಬರ್ತಿಲ್ಲ

ಹೊಸಬೂಟ್:
ಎಲ್ಲರಿಗೂ ನಮಸ್ಕಾರ. ಟಿಎಫ್‌ಟಿಪಿ (ನೆಟ್‌ವರ್ಕ್ ಮೂಲಕ ಫೈಲ್ ಕಳಿಸುವ, ತರಿಸುವ ಸರಳ ಪ್ರೋಟೊಕಾಲ್) ನನಗೆ ಪೂರ್ತಿ ಹೊಸದು. ಮೂರು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

ನನ್ನ ಹತ್ತಿರ ಒಂದು ಹಳೆಯ ರೌಟರ್ ಇದೆ. ಫರ್ಮ್‌ವೇರ್ ಹಾಕುವಾಗ ಮಧ್ಯದಲ್ಲಿ ಕರೆಂಟ್ ಹೋಯಿತು. ಅವತ್ತಿನಿಂದ ಅದು ಬೂಟ್ ಆಗುತ್ತಿಲ್ಲ. ಸೀರಿಯಲ್ ಕೇಬಲ್ ಹಾಕಿ ನೋಡಿದರೆ ಯು-ಬೂಟ್ ಪ್ರಾಂಪ್ಟ್ ಬರುತ್ತದೆ. ಅಂದರೆ ಬೂಟ್‌ಲೋಡರ್ (ಸಾಧನವನ್ನು ಎಬ್ಬಿಸುವ ಪ್ರೋಗ್ರಾಂ, ಇಲ್ಲಿ ಅದೇ ಯು-ಬೂಟ್) ಇನ್ನೂ ಸರಿಯಾಗಿದೆ. ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದೆ, ಟಿಎಫ್‌ಟಿಪಿಡಿ-ಎಚ್‌ಪಿಎ ಸರ್ವರ್ ಹಾಕಿಕೊಂಡಿದ್ದೇನೆ. ಫೈಲ್ ಇರುವುದು /ಎಸ್ಆರ್‌ವಿ/ಟಿಎಫ್‌ಟಿಪಿ ಫೋಲ್ಡರ್‌ನಲ್ಲಿ. ರೌಟರ್‌ಗೆ 192.168.1.1, ಲ್ಯಾಪ್‌ಟಾಪ್‌ಗೆ 192.168.1.2 ಕೊಟ್ಟಿದ್ದೇನೆ. ಯು-ಬೂಟ್‌ನಿಂದ ಪಿಂಗ್ ಮಾಡಿದರೆ ಲ್ಯಾಪ್‌ಟಾಪ್ "ಅಲೈವ್" ಅಂತ ಉತ್ತರ ಬರುತ್ತದೆ. ಆದರೆ ಟಿಎಫ್‌ಟಿಪಿಬೂಟ್ ಕಮಾಂಡ್ ಕೊಟ್ಟರೆ ಪರದೆ ಮೇಲೆ ಬರುವುದು ಇಷ್ಟೇ:

ಲೋಡಿಂಗ್: ಟಿ ಟಿ ಟಿ ಟಿ ಟಿ ಟಿ

ಆಮೇಲೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಎಲ್ಲಿ ತಪ್ಪಿದ್ದೇನೆ? ಈ ಪ್ರೋಟೊಕಾಲನ್ನು ಬುಡದಿಂದ ಕಲಿಯಬೇಕು ಅಂದ್ರೆ ಎಲ್ಲಿಂದ ಹಿಡಿಯಬೇಕು?

ನೀಲಿತಂತಿ:
ಆ "ಟಿ" ಅಂದರೆ ಟೈಮ್‌ಔಟ್. ಒಂದೊಂದು ಟಿ ಕೂಡ "ಕೇಳಿದೆ, ಕಾದೆ, ಏನೂ ಬರಲಿಲ್ಲ" ಅಂತ. ಫೈಲ್ ಸಿಗದಿದ್ದರೆ ಅಥವಾ ಪರ್ಮಿಷನ್ ಇಲ್ಲದಿದ್ದರೆ ಸರ್ವರ್ ಎರರ್ ಕಳಿಸುತ್ತದೆ, ಯು-ಬೂಟ್ ಅದನ್ನು ತೋರಿಸುತ್ತದೆ. ಇಲ್ಲಿ ಅದೂ ಬರುತ್ತಿಲ್ಲ. ಫೈರ್‌ವಾಲ್ ನೋಡಿ.

ಕೆಂಪುಸ್ವಿಚ್:
ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಒಮ್ಮೆ ಟ್ರೈ ಮಾಡಿ. ಐದು ನಿಮಿಷದ ಕೆಲಸ.

ಅಡ್ಮಿನ್ ಅಕ್ಕ:
ಪೂರ್ತಿ ಆಫ್ ಮಾಡುವ ಮೊದಲು ಏನಾಗುತ್ತಿದೆ ಅಂತ ಕಣ್ಣಾರೆ ನೋಡಿ. ಇಲ್ಲದಿದ್ದರೆ ಸರಿಹೋದರೂ ಯಾಕೆ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಟಿಸಿಪಿಡಂಪ್ (ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಟೂಲ್) ಓಡಿಸಿ, ರೌಟರ್‌ನಿಂದ ಇನ್ನೊಮ್ಮೆ ಕೇಳಿ. ಕೋರಿಕೆ ಲ್ಯಾಪ್‌ಟಾಪ್‌ವರೆಗೆ ಬರುತ್ತಿದೆಯಾ? ಅಷ್ಟು ನೋಡಿ ಹೇಳಿ.

ಹೊಸಬೂಟ್:
ಮೇಡಂ, ಪೋರ್ಟ್ 69 ಅಂತ ಫಿಲ್ಟರ್ ಹಾಕಿ ನೋಡಿದೆ. ಕೋರಿಕೆ ಬರುತ್ತಿದೆ. ಆರ್‌ಆರ್‌ಕ್ಯೂ ಅಂತಿದೆ, ಪಕ್ಕದಲ್ಲಿ ಫೈಲಿನ ಹೆಸರು, ಆಮೇಲೆ ಆಕ್ಟೆಟ್. ಕೆಲವು ಸೆಕೆಂಡಿಗೊಮ್ಮೆ ಅದೇ ಸಾಲು ಮತ್ತೆ ಮತ್ತೆ ಬರುತ್ತದೆ. ಉತ್ತರದ ಸಾಲು ಒಂದೂ ಇಲ್ಲ. ಹಾಗಾದರೆ ಸರ್ವರ್ ಉತ್ತರ ಕೊಡುತ್ತಿಲ್ಲ ಅಂತ ಆಯಿತು ಅಲ್ವಾ?

ಪ್ಯಾಕೆಟ್ ಓದುಗ:
ಇನ್ನೂ ಹಾಗೆ ಹೇಳಲು ಆಗುವುದಿಲ್ಲ. ಹೊಸಬರೆಲ್ಲ ಎಡವುವ ಜಾಗ ಇದು. ನಾನೂ ಇದನ್ನು ತಿಳಿಯಲು ಒಂದು ಇಡೀ ದಿನ ತೆಗೆದುಕೊಂಡಿದ್ದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪೋರ್ಟ್ 69ಕ್ಕೆ ಹೋಗುವುದು ಮೊದಲ ಕೋರಿಕೆ ಮಾತ್ರ. ಸರ್ವರ್ ಉತ್ತರ ಕೊಡುವುದು 69ರಿಂದ ಅಲ್ಲ. ಅದು ತನ್ನ ಕಡೆ ಹೊಸದೊಂದು ಪೋರ್ಟ್ ತೆರೆಯುತ್ತದೆ, ಉದಾಹರಣೆಗೆ 49731 ಅಂದುಕೊಳ್ಳಿ. ಮೊದಲ ಡೇಟಾ ಅಲ್ಲಿಂದಲೇ ಹೊರಡುತ್ತದೆ. ಅಲ್ಲಿಂದ ಮುಂದೆ ಮಾತುಕತೆ ಪೂರ್ತಿ ಆ ಪೋರ್ಟಿನ ಜೊತೆ. ರೌಟರ್ ತನ್ನ ಎಕ್‌ಗಳನ್ನೂ (ಡೇಟಾ ತಲುಪಿತು ಅನ್ನುವ ಉತ್ತರಗಳು) 49731ಕ್ಕೇ ಕಳಿಸಬೇಕು. ಎರಡೂ ಕಡೆಯ ಈ ಪೋರ್ಟ್ ಸಂಖ್ಯೆಗಳಿಗೆ ಟಿಐಡಿ ಅಂತ ಹೆಸರು. ಒಂದೇ ಹೊತ್ತಿಗೆ ಹತ್ತು ಜನ ಕೇಳಿದರೂ ಯಾರ ಫೈಲ್ ಯಾರಿಗೆ ಅಂತ ಸರ್ವರ್ ಗುರುತಿಸುವುದು ಇದರಿಂದಲೇ.

ಹಾಗಾಗಿ "ಪೋರ್ಟ್ 69" ಅಂತ ಫಿಲ್ಟರ್ ಹಾಕಿದರೆ ಕೋರಿಕೆ ಮಾತ್ರ ಕಾಣುತ್ತದೆ, ಉತ್ತರ ಬಂದಿದ್ದರೂ ಕಾಣುವುದಿಲ್ಲ. ಫಿಲ್ಟರನ್ನು "ಹೋಸ್ಟ್ 192.168.1.1 ಮತ್ತು ಯುಡಿಪಿ" ಅಂತ ಬದಲಿಸಿ ಇನ್ನೊಮ್ಮೆ ನೋಡಿ.

ಹೊಸಬೂಟ್:
ಬದಲಿಸಿದೆ. ಈಗಲೂ ಕೋರಿಕೆ ಮಾತ್ರ ಕಾಣುತ್ತಿದೆ. ಲ್ಯಾಪ್‌ಟಾಪ್‌ನಿಂದ ಹೊರಗೆ ಏನೂ ಹೋಗುತ್ತಿಲ್ಲ. ಸರ್ವರ್ ಓಡುತ್ತಿದೆ, ಅದನ್ನು ಖಚಿತ ಮಾಡಿಕೊಂಡಿದ್ದೇನೆ. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ.

ಅಡ್ಮಿನ್ ಅಕ್ಕ:
ಹಾಗಾದರೆ ಖಂಡಿತ ಲ್ಯಾಪ್‌ಟಾಪ್‌ನ ಫೈರ್‌ವಾಲ್. ಕಾರಣ ಹೇಳುತ್ತೇನೆ. ಒಳಗೆ ಬರುವ ಪ್ಯಾಕೆಟ್ ಫೈರ್‌ವಾಲ್ ಮುಟ್ಟುವ ಮೊದಲೇ ಟಿಸಿಪಿಡಂಪ್‌ಗೆ ಕಾಣಿಸುತ್ತದೆ. ಅಂದರೆ ನಿಮಗೆ ಕಂಡ ಕೋರಿಕೆ ಸರ್ವರ್‌ಗೆ ತಲುಪಿದೆ ಅಂತ ಅರ್ಥವಲ್ಲ, ಕಾರ್ಡಿನವರೆಗೆ ಬಂದಿದೆ ಅಂತ ಮಾತ್ರ. ಪಿಂಗ್ ಹೋಗುತ್ತಿರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪಿಂಗ್ ಐಸಿಎಂಪಿ, ಇದು ಯುಡಿಪಿ, ಎರಡೂ ಬೇರೆ ಬೇರೆ ಬಗೆಯ ಪ್ಯಾಕೆಟ್. ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವ ಫೈರ್‌ವಾಲ್‌ಗಳೇ ಜಾಸ್ತಿ.

ಒಳಬರುವ ಯುಡಿಪಿ 69 ತೆರೆಯಿರಿ. ಅಷ್ಟು ಸಾಕು.

ಕೆಂಪುಸ್ವಿಚ್:
ಅಷ್ಟು ಸಾಕಾಗುವುದಿಲ್ಲ ಅನಿಸುತ್ತದೆ. ಈಗಷ್ಟೇ ಮೇಲೆ ಹೇಳಿದರು, ಉತ್ತರ ಬೇರೆ ಪೋರ್ಟಿನಿಂದ ಹೋಗುತ್ತದೆ ಅಂತ. ಹಾಗಾದರೆ 1024ರಿಂದ 65535ರವರೆಗೆ ಎಲ್ಲಾ ತೆರೆಯಬೇಕು.

ಅಡ್ಮಿನ್ ಅಕ್ಕ:
ಬೇಡ! ದಯವಿಟ್ಟು ಹೊಸಬರಿಗೆ ಆ ಸಲಹೆ ಕೊಡಬೇಡಿ. ಸರ್ವರ್ ಇರುವ ಯಂತ್ರದಲ್ಲಿ ಆ ಹೊಸ ಪೋರ್ಟಿನಿಂದ ಮೊದಲು ಮಾತಾಡುವುದು ಸರ್ವರ್ರೇ. ಫೈರ್‌ವಾಲ್ ಅದನ್ನು ಹೊರಗೆ ಹೊರಟ ಹೊಸ ಸಂಪರ್ಕ ಅಂತ ಬರೆದಿಟ್ಟುಕೊಳ್ಳುತ್ತದೆ. ರೌಟರ್ ಕಳಿಸುವ ಎಕ್ ಅದಕ್ಕೆ ಬಂದ ಉತ್ತರ ಅಂತ ಲೆಕ್ಕಕ್ಕೆ ಬರುತ್ತದೆ, ಒಳಗೆ ಬಿಡುತ್ತದೆ.

ನೀವು ಹೇಳುವ ತೊಂದರೆ ಬರುವುದು ಕ್ಲೈಂಟ್ ಕಡೆ. ಕ್ಲೈಂಟ್ 69ಕ್ಕೆ ಕೇಳಿರುತ್ತದೆ, ಉತ್ತರ 49731ರಿಂದ ಬರುತ್ತದೆ. ಫೈರ್‌ವಾಲ್‌ಗೆ ಎರಡೂ ಒಂದೇ ಮಾತುಕತೆ ಅಂತ ಗೊತ್ತಾಗುವುದಿಲ್ಲ, ತಡೆದುಬಿಡುತ್ತದೆ. ಅದಕ್ಕೇ ಲಿನಕ್ಸ್‌ನಲ್ಲಿ ಟಿಎಫ್‌ಟಿಪಿಗಾಗಿ ಕಾನ್‌ಟ್ರ್ಯಾಕ್ ಹೆಲ್ಪರ್ ಅಂತ ಪ್ರತ್ಯೇಕ ಮಾಡ್ಯೂಲ್ ಇದೆ. ಅದು ಕೋರಿಕೆಯನ್ನು ಗಮನಿಸಿ, ಬರಲಿರುವ ಉತ್ತರಕ್ಕೆ ದಾರಿ ಬಿಡುತ್ತದೆ. ಯು-ಬೂಟ್‌ನಲ್ಲಿ ಫೈರ್‌ವಾಲ್ ಇಲ್ಲವೇ ಇಲ್ಲ, ಹಾಗಾಗಿ ಇವರಿಗೆ ಆ ಚಿಂತೆ ಬೇಡ.

ಕೆಂಪುಸ್ವಿಚ್:
ಸರಿ, ಒಪ್ಪಿದೆ. ನಾನು ಎರಡು ಕಡೆಗಳನ್ನು ಒಟ್ಟಿಗೆ ಸೇರಿಸಿಬಿಟ್ಟಿದ್ದೆ.

ಹೊಸಬೂಟ್:
69 ತೆರೆದೆ. ಟಿ ಟಿ ಟಿ ಹೋಯಿತು! ಈಗ "ಫೈಲ್ ನಾಟ್ ಫೌಂಡ್", ಎರರ್ 1. ಇಷ್ಟು ದಿನದಲ್ಲಿ ಬಂದ ಮೊದಲ ಉತ್ತರ ಇದು, ಖುಷಿಯಾಯಿತು. ಆದರೆ ಫೈಲ್ ಅಲ್ಲೇ ಇದೆ. ಎಲ್‌ಎಸ್ ಕೊಟ್ಟರೆ ಕಾಣುತ್ತದೆ.

ನೀಲಿತಂತಿ:
ಯು-ಬೂಟ್‌ನಲ್ಲಿ ಫೈಲಿನ ಹೆಸರು ಹೇಗೆ ಕೊಟ್ಟಿದ್ದೀರಿ? ಪೂರ್ತಿ ದಾರಿ ಬರೆದಿದ್ದೀರಾ?

ಹೊಸಬೂಟ್:
ಹೌದು, /ಎಸ್ಆರ್‌ವಿ/ಟಿಎಫ್‌ಟಿಪಿ ಸಮೇತ ಬರೆದಿದ್ದೆ.

ನೀಲಿತಂತಿ:
ಅದೇ ಕಾರಣ. ಸರ್ವರ್ "ಸೆಕ್ಯೂರ್" ಆಯ್ಕೆಯಲ್ಲಿ ಓಡುತ್ತಿದ್ದರೆ ಅದಕ್ಕೆ ಆ ಫೋಲ್ಡರೇ ಇಡೀ ಪ್ರಪಂಚ. ನೀವು ಪೂರ್ತಿ ದಾರಿ ಕೊಟ್ಟರೆ ಅದು ಆ ಫೋಲ್ಡರಿನ ಒಳಗೆ ಮತ್ತೆ ಎಸ್ಆರ್‌ವಿ, ಅದರೊಳಗೆ ಮತ್ತೆ ಟಿಎಫ್‌ಟಿಪಿ ಅಂತ ಹುಡುಕುತ್ತದೆ. ಬರೀ ಫೈಲಿನ ಹೆಸರು ಕೊಡಿ. ದೊಡ್ಡಕ್ಷರ, ಸಣ್ಣಕ್ಷರ ಕೂಡ ಹಾಗೆಯೇ ಇರಬೇಕು. ಮತ್ತೆ ಆ ಫೈಲನ್ನು ಎಲ್ಲರೂ ಓದುವಂತೆ ಪರ್ಮಿಷನ್ ಇದೆಯಾ ನೋಡಿ. ಇಲ್ಲದಿದ್ದರೆ ಮುಂದಿನ ಎರರ್ ಎರಡನೆಯದು, ಆಕ್ಸೆಸ್ ವಯಲೇಷನ್.

ಹೊಸಬೂಟ್:
ಬಂತು!! ಪರದೆ ತುಂಬಾ # # # # ಓಡುತ್ತಿದೆ. ಹತ್ತು ಸೆಕೆಂಡಿನೊಳಗೆ ಮುಗಿಯಿತು. "ಬೈಟ್ಸ್ ಟ್ರಾನ್ಸ್‌ಫರ್ಡ್ = 7864320" ಅಂತ ಬಂದಿದೆ. ನನ್ನ ಫೈಲಿನ ಗಾತ್ರವೂ ಅಷ್ಟೇ. ನೀಲಿತಂತಿ ಸರ್, ಅಡ್ಮಿನ್ ಅಕ್ಕ, ಪ್ಯಾಕೆಟ್ ಓದುಗ ಸರ್, ನಿಮ್ಮೆಲ್ಲರಿಗೂ ತುಂಬಾ ಥ್ಯಾಂಕ್ಸ್.

ಬೂಟ್‌ರಾಮ್:
ನಿಲ್ಲಿ, ನಿಲ್ಲಿ. ಅದು ಈಗ ಇರುವುದು ರ‍್ಯಾಮ್‌ನಲ್ಲಿ. ಫ್ಲಾಶ್‌ಗೆ ಇನ್ನೂ ಹೋಗಿಲ್ಲ. ಕರೆಂಟ್ ತೆಗೆದರೆ ಮಾಯ. ಫ್ಲಾಶ್ ಅಳಿಸುವ ಮೊದಲು ಒಂದು ಕೆಲಸ ಮಾಡಿ. ಯು-ಬೂಟ್‌ನಲ್ಲೇ ಸಿಆರ್‌ಸಿ32 (ಡೇಟಾ ಕೆಟ್ಟಿದೆಯಾ ಅಂತ ನೋಡಲು ತೆಗೆಯುವ ಮೊತ್ತ) ಕಮಾಂಡ್ ಇರುತ್ತದೆ. ಫೈಲ್ ಇಳಿದ ವಿಳಾಸ ಮತ್ತು ಉದ್ದ ಕೊಟ್ಟು ಮೊತ್ತ ತೆಗೆಯಿರಿ. ಉದ್ದವನ್ನು ಹೆಕ್ಸ್‌ನಲ್ಲಿ ಕೊಡಬೇಕು, 7864320 ಅಂದರೆ 780000. ಲ್ಯಾಪ್‌ಟಾಪ್‌ನಲ್ಲೂ ಅದೇ ಫೈಲಿಗೆ ಸಿಆರ್‌ಸಿ32 ತೆಗೆದು ಹೋಲಿಸಿ. ಎರಡೂ ಒಂದೇ ಇದ್ದರೆ ಮಾತ್ರ ಮುಂದೆ ಹೋಗಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಒಮ್ಮೆ ಈ ಹೆಜ್ಜೆ ಬಿಟ್ಟು ಒಂದು ಬೋರ್ಡನ್ನು ಕಳೆದುಕೊಂಡೆ. ಅಲ್ಲಿ ಬೋರ್ಡೇ ಸರ್ವರ್ ಆಗಿ ಕಾಯುತ್ತಿತ್ತು, ನಾನು ಲ್ಯಾಪ್‌ಟಾಪ್‌ನಿಂದ ಪುಟ್ ಮಾಡಿದೆ. ಕ್ಲೈಂಟಿನಲ್ಲಿ "ಬೈನರಿ" ಅಂತ ಹೇಳಲು ಮರೆತಿದ್ದೆ. ಹಳೆಯ ಕ್ಲೈಂಟ್‌ಗಳು ಸುಮ್ನೆ ಬಿಟ್ಟರೆ ನೆಟ್‌ಆಸ್ಕಿ ಮೋಡ್‌ನಲ್ಲಿ ಕಳಿಸುತ್ತವೆ. ಆ ಮೋಡ್ ಇರುವುದು ಪಠ್ಯಕ್ಕೆ. ಸಾಲು ಮುಗಿಯುವ ಗುರುತು, ಅಂದರೆ 0ಎ ಬೈಟ್ ಕಂಡ ಕಡೆಯೆಲ್ಲ ಅದಕ್ಕೆ ಮೊದಲು ಒಂದು 0ಡಿ ಸೇರಿಸುತ್ತದೆ. ಪಡೆಯುವವರು ಅದನ್ನು ಮತ್ತೆ ತೆಗೆಯಬೇಕು. ಆದರೆ ಆ ಬೂಟ್‌ಲೋಡರ್ ಮೋಡ್ ಕಡೆ ನೋಡದೆ ಬಂದದ್ದನ್ನೆಲ್ಲ ಹಾಗೇ ಬರೆದುಕೊಂಡಿತು. ಫರ್ಮ್‌ವೇರ್‌ನಲ್ಲಿ 0ಎ ಬೈಟ್‌ಗಳು ಸಾವಿರಾರು ಇರುತ್ತವೆ. ಮೊದಲ 0ಎ ಬಂದ ಜಾಗದಿಂದ ಮುಂದೆ ಎಲ್ಲವೂ ಒಂದೊಂದು ಬೈಟ್ ಸರಿಯುತ್ತಾ ಹೋಗಿದೆ. ಕಳಿಸಿದ ಗಾತ್ರಕ್ಕಿಂತ ಬಂದ ಗಾತ್ರ ದೊಡ್ಡದಿತ್ತು, ನಾನು ನೋಡಲಿಲ್ಲ.

ಹೊಸಬೂಟ್:
ಹೋಲಿಸಿದೆ ಸರ್, ಎರಡೂ ಒಂದೇ. ನನ್ನ ಕೋರಿಕೆಯಲ್ಲಿ ಆಕ್ಟೆಟ್ ಅಂತ ಇತ್ತಲ್ಲ, ಅದು ಬೈನರಿಯೇ ಅಲ್ವಾ?

ಬೂಟ್‌ರಾಮ್:
ಹೌದು, ಆಕ್ಟೆಟ್ ಅಂದರೆ ಬೈಟ್ ಬದಲಾಗದೆ ಇದ್ದ ಹಾಗೇ ಹೋಗುವ ಮೋಡ್. ನೀವು ಕ್ಷೇಮ. ವಿಂಡೋಸ್‌ನ ಕ್ಲೈಂಟ್ ಬಳಸುವವರು ಮೈನಸ್ ಐ ಹಾಕುವುದು ಮರೆಯಬೇಡಿ, ಅಲ್ಲಿ ಬೈನರಿಗೆ ಅದೇ ಸ್ವಿಚ್.

ಕಲಿಕೆಗಾರ್ತಿ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ವಿಂಡೋಸ್‌ನಲ್ಲಿ ಟಿಎಫ್‌ಟಿಪಿ ಅಂತ ಹೊಡೆದರೆ ಆ ಕಮಾಂಡೇ ಇಲ್ಲ ಅನ್ನುತ್ತದೆ.

ನೀಲಿತಂತಿ:
ಇದೆ, ಆದರೆ ಆಫ್ ಆಗಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ವಿಂಡೋಸ್ ಫೀಚರ್‌ಗಳನ್ನು ಆನ್-ಆಫ್ ಮಾಡುವ ಪಟ್ಟಿಗೆ ಹೋಗಿ, ಟಿಎಫ್‌ಟಿಪಿ ಕ್ಲೈಂಟ್ ಅಂತ ಇರುತ್ತದೆ, ಟಿಕ್ ಹಾಕಿ. ಸರ್ವರ್ ಬೇಕಾದರೆ ಟಿಎಫ್‌ಟಿಪಿಡಿ64 ಅಂತ ಒಂದು ಪುಟ್ಟ ಪ್ರೋಗ್ರಾಂ ಇದೆ, ಜನ ಅದನ್ನೇ ಜಾಸ್ತಿ ಬಳಸುತ್ತಾರೆ. ಸುಮ್ನೆ ಒಂದು ಫೈಲ್ ತರಿಸಿ ನೋಡಲು ಕರ್ಲ್ ಕಮಾಂಡ್ ಸಾಕು. ವಿಳಾಸದ ಮೊದಲಿಗೆ ಎಚ್‌ಟಿಟಿಪಿ ಬದಲು ಟಿಎಫ್‌ಟಿಪಿ ಅಂತ ಬರೆದರೆ ಆಯಿತು.

ಮೋಡದಾಚೆ:
ಎಲ್ಲಾ ಓದಿದೆ. ನನ್ನ ಪ್ರಶ್ನೆ ಒಂದೇ. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, ಎನ್‌ಕ್ರಿಪ್ಷನ್ ಇಲ್ಲ, ಫೋಲ್ಡರ್‌ನಲ್ಲಿ ಏನಿದೆ ಅಂತ ಪಟ್ಟಿ ನೋಡಲೂ ಆಗುವುದಿಲ್ಲ. ಇಂಥದ್ದನ್ನು ಈ ಕಾಲದಲ್ಲಿ ಹೊಸಬರಿಗೆ ಯಾಕೆ ಕಲಿಸಬೇಕು? ಎನ್‌ಕ್ರಿಪ್ಟ್ ಮಾಡಿ ಫೈಲ್ ಕಳಿಸುವ ಎಸ್‌ಸಿಪಿ ಇದೆ, ಎಚ್‌ಟಿಟಿಪಿ ಇದೆ. ಈಗಿನ ಪಿಸಿಗಳನ್ನು ಎಬ್ಬಿಸುವ ಫರ್ಮ್‌ವೇರ್ ಯುಇಎಫ್‌ಐನಲ್ಲಿ 2015ರಿಂದ ಎಚ್‌ಟಿಟಿಪಿ ಬೂಟ್ ಕೂಡ ಇದೆ.

ಬೂಟ್‌ರಾಮ್:
ಆ ರೌಟರ್‌ನ ಬೂಟ್‌ಲೋಡರ್‌ನಲ್ಲಿ ಎಸ್‌ಸಿಪಿ ಎಲ್ಲಿದೆ ಹೇಳಿ? ಅಲ್ಲಿ ಆಪರೇಟಿಂಗ್ ಸಿಸ್ಟಂ ಇನ್ನೂ ಎದ್ದೇ ಇಲ್ಲ. ಎಸ್‌ಸಿಪಿ, ಎಚ್‌ಟಿಟಿಪಿ ಓಡುವ ಟಿಸಿಪಿ ಬೇಕೆಂದರೆ ಸಂಪರ್ಕ ತೆರೆಯಬೇಕು, ಮುಚ್ಚಬೇಕು, ಕ್ರಮ ತಪ್ಪಿ ಬಂದ ತುಂಡುಗಳನ್ನು ಜೋಡಿಸಬೇಕು, ಕಳಿಸಿದ್ದನ್ನೆಲ್ಲ ಬಫರ್‌ನಲ್ಲಿ ಇಟ್ಟುಕೊಂಡಿರಬೇಕು. ಟಿಎಫ್‌ಟಿಪಿಗೆ ಬೇಕಾದದ್ದು ಯುಡಿಪಿ ಮತ್ತು ಒಂದು ಬ್ಲಾಕ್ ಹಿಡಿಸುವ ಜಾಗ. ಚಿಪ್ಪಿನೊಳಗಿನ ಪುಟ್ಟ ರಾಮ್‌ನಲ್ಲಿ (ರ‍್ಯಾಮ್ ಅಲ್ಲ, ಓದಲು ಮಾತ್ರ ಆಗುವ ಮೆಮೊರಿ) ಹಿಡಿಯಲಿ ಅಂತಲೇ ಇದನ್ನು ಇಷ್ಟು ಸಣ್ಣದು ಮಾಡಿದ್ದಾರೆ. 1981ರ ಆರ್‌ಎಫ್‌ಸಿ (ಪ್ರೋಟೊಕಾಲ್ ವಿವರಿಸುವ ದಾಖಲೆ) 783ರಲ್ಲೇ ಆ ಮಾತಿದೆ: ಚಿಕ್ಕದಾಗಿರಬೇಕು, ಬರೆಯಲು ಸುಲಭ ಇರಬೇಕು. ಈಗ ಚಾಲ್ತಿಯಲ್ಲಿರುವುದು 1992ರ ಆರ್‌ಎಫ್‌ಸಿ 1350. ಎರಡನ್ನೂ ಬರೆದವರು ಎಂಐಟಿಯ ಕರೆನ್ ಸೊಲಿನ್ಸ್. ಪೂರ್ತಿ ಓದಲು ಅರ್ಧ ಗಂಟೆ ಸಾಕು.

ಮೋಡದಾಚೆ:
ಹಳೆಯ ಸಾಧನಕ್ಕೆ ಸರಿ. ಹೊಸ ವ್ಯವಸ್ಥೆ ಕಟ್ಟುವವರು ಯಾಕೆ ಇದರಲ್ಲೇ ಮುಂದುವರಿಯಬೇಕು ಅನ್ನುವುದು ನನ್ನ ವಾದ. ದೊಡ್ಡ ಇಮೇಜ್ ಇಳಿಸಲು ಇದು ವಿಪರೀತ ನಿಧಾನ.

ಪ್ಯಾಕೆಟ್ ಓದುಗ:
ನಿಧಾನ ಅನ್ನುವುದು ನಿಜ, ಯಾಕೆ ನಿಧಾನ ಅಂತ ಗೊತ್ತಿದ್ದರೆ ಎಲ್ಲಿ ಬಳಸಬೇಕು ಅಂತಲೂ ಗೊತ್ತಾಗುತ್ತದೆ. ಹೊಸಬೂಟ್ ಅವರು "ಬುಡದಿಂದ ಕಲಿಯಬೇಕು" ಅಂದಿದ್ದರಲ್ಲ, ಅವರ ಫೈಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಕೋರಿಕೆಯ ಪ್ಯಾಕೆಟ್ ಹೀಗಿರುತ್ತದೆ: ಮೊದಲ ಎರಡು ಬೈಟ್ 0 ಮತ್ತು 1, ಅಂದರೆ "ಓದಬೇಕು". ಆಮೇಲೆ ಫೈಲಿನ ಹೆಸರು, ಒಂದು ಸೊನ್ನೆ ಬೈಟ್, ಆಕ್ಟೆಟ್ ಅನ್ನುವ ಪದ, ಇನ್ನೊಂದು ಸೊನ್ನೆ ಬೈಟ್. ಮುಗಿಯಿತು. ಬರೆಯಬೇಕಾದರೆ 1ರ ಬದಲು 2. ಡೇಟಾಗೆ 3, ಎಕ್‌ಗೆ 4, ಎರರ್‌ಗೆ 5. ಮೂಲ ಪ್ರೋಟೊಕಾಲ್‌ನಲ್ಲಿ ಇರುವುದು ಈ ಐದೇ ಬಗೆ.

ಡೇಟಾ ಪ್ಯಾಕೆಟ್ ಅಂದರೆ 3, ಬ್ಲಾಕ್ ಸಂಖ್ಯೆ, ಆಮೇಲೆ 512 ಬೈಟ್ ಸಾಮಾನು. ಒಟ್ಟು 516. ಎಕ್ ಬರೀ ನಾಲ್ಕು ಬೈಟ್: 4 ಮತ್ತು ಬ್ಲಾಕ್ ಸಂಖ್ಯೆ. ಒಂದು ಬ್ಲಾಕ್ ಕಳಿಸಿದ ಮೇಲೆ ಅದರ ಎಕ್ ಬರುವವರೆಗೆ ಸರ್ವರ್ ಕೈಕಟ್ಟಿ ಕೂರುತ್ತದೆ. ನಿಧಾನ ಆಗುವುದು ಇಲ್ಲೇ. ತಂತಿ ಎಷ್ಟು ದಪ್ಪ ಇದ್ದರೂ ಲೆಕ್ಕಕ್ಕಿಲ್ಲ, ಹೋಗಿಬರುವ ಸಮಯ ಎಷ್ಟು ಅನ್ನುವುದೇ ಮುಖ್ಯ.

ಈ ಫೈಲ್ 7864320 ಬೈಟ್, ಅಂದರೆ ಸರಿಯಾಗಿ 15360 ಬ್ಲಾಕ್. ಪಕ್ಕದ ಯಂತ್ರಕ್ಕೆ ಹೋಗಿಬರಲು ಅರ್ಧ ಮಿಲಿಸೆಕೆಂಡ್ ಹಿಡಿದರೆ ಎಂಟು ಸೆಕೆಂಡ್ ಆಸುಪಾಸು. ಅದೇ ಫೈಲನ್ನು 50 ಮಿಲಿಸೆಕೆಂಡ್ ದೂರದ ಸರ್ವರ್‌ನಿಂದ ತರಿಸಿ, ಸುಮಾರು 13 ನಿಮಿಷ ಬೇಕು. ಒಂದೇ ಪ್ಯಾಕೆಟ್ ಕಳೆಯದಿದ್ದರೂ!

ಹೊಸಬೂಟ್:
ಸರ್, ಇದನ್ನು ಓದಿ ನನ್ನ ಕ್ಯಾಪ್ಚರ್ ಇನ್ನೊಮ್ಮೆ ತೆರೆದೆ. ಕೊನೆಯ ಬ್ಲಾಕ್ 15360 ಅಲ್ಲ, 15361. ಅದರಲ್ಲಿ ಡೇಟಾನೇ ಇಲ್ಲ, ಬರೀ ನಾಲ್ಕು ಬೈಟ್. ಏನೋ ಕೆಟ್ಟಿದೆಯಾ?

ಪ್ಯಾಕೆಟ್ ಓದುಗ:
ಕೆಟ್ಟಿಲ್ಲ, ಹಾಗೇ ಇರಬೇಕು. ಚೆನ್ನಾಗಿ ಗಮನಿಸಿದಿರಿ! ಟಿಎಫ್‌ಟಿಪಿಯಲ್ಲಿ "ಮುಗಿಯಿತು" ಅಂತ ಹೇಳುವ ಪ್ರತ್ಯೇಕ ಪ್ಯಾಕೆಟ್ ಇಲ್ಲ. 512ಕ್ಕಿಂತ ಕಡಿಮೆ ಇರುವ ಬ್ಲಾಕ್ ಬಂದರೆ ಅದೇ ಕೊನೆ. ನಿಮ್ಮ ಫೈಲ್ 512ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, 15360ನೇ ಬ್ಲಾಕ್ ಕೂಡ ತುಂಬಿಯೇ ಇದೆ. ಅಲ್ಲಿಗೆ ನಿಲ್ಲಿಸಿದರೆ ರೌಟರ್ "ಇನ್ನೂ ಬರಬೇಕು" ಅಂತ ಕಾಯುತ್ತಲೇ ಇರುತ್ತದೆ. ಅದಕ್ಕೆ ಖಾಲಿ ಬ್ಲಾಕ್ ಒಂದನ್ನು ಕಳಿಸಿ ಮುಗಿಸುತ್ತಾರೆ. ಸ್ವಂತ ಸರ್ವರ್ ಬರೆಯುವವರು ಬಹಳ ಸಲ ಇದನ್ನೇ ಮರೆಯುತ್ತಾರೆ.

ಹಳೆಯ ಟರ್ಮಿನಲ್:
ಸ್ವಂತ ಸರ್ವರ್ ಬರೆಯುವ ಮಾತು ಬಂದದ್ದರಿಂದ ಹೇಳುತ್ತೇನೆ. ಈ ಪ್ರೋಟೊಕಾಲ್ ಕಲಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಓದುವ ಕ್ಲೈಂಟ್ ಮಾತ್ರ ಬರೆಯಿರಿ, ನೂರು ಸಾಲಿನಲ್ಲಿ ಆಗುತ್ತದೆ. ಎರಡು ಕಡೆ ಎಚ್ಚರ ಬೇಕು. ಎಕ್ ಅನ್ನು 69ಕ್ಕೆ ಕಳಿಸಬೇಡಿ, ಡೇಟಾ ಬಂದ ಪೋರ್ಟಿಗೆ ಕಳಿಸಿ. ಮತ್ತೆ ಟೈಮ್‌ಔಟ್ ಎರಡೂ ಕಡೆ ಇರಬೇಕು.

ಟೈಮ್‌ಔಟ್‌ನಲ್ಲೇ ಒಂದು ಹೆಸರಾಂತ ತಪ್ಪಿದೆ. ಮೊದಲಿನ ವಿವರಣೆಯ ಪ್ರಕಾರ, ಹಳೆಯ ಎಕ್ ಎರಡನೇ ಸಲ ಬಂದರೆ ಕಳಿಸುವವನು ಮುಂದಿನ ಡೇಟಾವನ್ನು ಮತ್ತೆ ಕಳಿಸುತ್ತಿದ್ದ. ಒಂದು ಎಕ್ ಕಳೆಯದೆ ಬರೀ ತಡವಾಯಿತು ಅಂದುಕೊಳ್ಳಿ. ಕಳಿಸುವವನು ಕಾದು ಬೇಸತ್ತು ಆ ಬ್ಲಾಕನ್ನು ಇನ್ನೊಮ್ಮೆ ಕಳಿಸುತ್ತಾನೆ. ಪಡೆಯುವವನು ಅದಕ್ಕೂ ಎಕ್ ಕೊಡುತ್ತಾನೆ. ಈಗ ಎರಡು ಎಕ್, ಅದಕ್ಕೆ ಮುಂದಿನ ಬ್ಲಾಕ್ ಎರಡು ಸಲ, ಅದಕ್ಕೆ ಮತ್ತೆ ಎರಡು ಎಕ್. ಅಲ್ಲಿಂದ ಫೈಲ್ ಮುಗಿಯುವವರೆಗೂ ಪ್ರತಿಯೊಂದೂ ಎರಡೆರಡು ಸಲ ಹೋಗುತ್ತದೆ. ಇದಕ್ಕೆ "ಮಾಂತ್ರಿಕನ ಶಿಷ್ಯನ ಕಾಯಿಲೆ" ಅಂತ ಹೆಸರಿಟ್ಟರು. 1989ರ ಆರ್‌ಎಫ್‌ಸಿ 1123 ಇದನ್ನು ಸರಿಪಡಿಸಲೇಬೇಕು ಅಂತ ಹೇಳಿತು. ಪರಿಹಾರ ಒಂದೇ ಸಾಲು: ಅದೇ ಎಕ್ ಮತ್ತೆ ಬಂದರೆ ಸುಮ್ಮನಿರಿ, ಟೈಮ್‌ಔಟ್ ಆದರೆ ಮಾತ್ರ ಮತ್ತೆ ಕಳಿಸಿ.

ಕಲಿಕೆಗಾರ್ತಿ:
ಬ್ಲಾಕ್ ಸಂಖ್ಯೆಗೆ ಎರಡೇ ಬೈಟ್ ಅಂದರೆ 65535ಕ್ಕೆ ಮುಗಿಯುತ್ತದೆ. 512ರಿಂದ ಗುಣಿಸಿದರೆ 32 ಎಂಬಿ. ಅದಕ್ಕಿಂತ ದೊಡ್ಡ ಫೈಲ್ ಕಳಿಸುವುದು ಸಾಧ್ಯವೇ ಇಲ್ವಾ?

ಹಳೆಯ ಟರ್ಮಿನಲ್:
ಲೆಕ್ಕ ಸರಿ ಇದೆ. ಕೆಲವು ಸರ್ವರ್‌ಗಳು 65535 ಆದಮೇಲೆ ಸೊನ್ನೆಗೆ ಹೋಗುತ್ತವೆ, ಕೆಲವು ಒಂದಕ್ಕೆ. ಎರಡು ಕಡೆ ಒಂದೇ ರೀತಿ ಎಣಿಸದಿದ್ದರೆ ಸರಿಯಾಗಿ 32 ಎಂಬಿ ಹತ್ತಿರ ಬಂದು ನಿಂತುಬಿಡುತ್ತದೆ. ಹಾಗೆ ನಿಂತರೆ ಕೇಬಲ್ ಮೇಲೆ ಅನುಮಾನ ಪಡಬೇಡಿ.

ಅಡ್ಮಿನ್ ಅಕ್ಕ:
ಸರಿಯಾದ ದಾರಿ ಬ್ಲಾಕ್ ದೊಡ್ಡದು ಮಾಡುವುದು. 1998ರಲ್ಲಿ ಬಂದ ವಿಸ್ತರಣೆಗಳಲ್ಲಿ ಬ್ಲಾಕ್‌ಸೈಜ್ ಆಯ್ಕೆ ಇದೆ. ಕೋರಿಕೆಯ ಕೊನೆಗೆ ಕ್ಲೈಂಟ್ ಅದನ್ನು ಸೇರಿಸುತ್ತದೆ, ಸರ್ವರ್ ಒಪ್ಪಿದರೆ ಓಎಕ್ ಅಂತ ಆರನೇ ಬಗೆಯ ಪ್ಯಾಕೆಟ್ ಕಳಿಸುತ್ತದೆ. ಸರ್ವರ್‌ಗೆ ಅದು ತಿಳಿಯದಿದ್ದರೆ ಕಡೆಗಣಿಸಿ 512ರಲ್ಲೇ ಶುರು ಮಾಡುತ್ತದೆ, ಹಳೆಯದಕ್ಕೆ ತೊಂದರೆ ಇಲ್ಲ.

ಎಲ್ಲರೂ 1468 ಅಂತ ಹಾಕುವುದನ್ನು ನೋಡಿರುತ್ತೀರಿ. ಈಥರ್‌ನೆಟ್‌ನಲ್ಲಿ ಒಂದು ಸಲಕ್ಕೆ 1500. ಅದರಲ್ಲಿ ಐಪಿಗೆ 20, ಯುಡಿಪಿಗೆ 8, ಟಿಎಫ್‌ಟಿಪಿಗೆ 4 ಹೋದರೆ ಉಳಿಯುವುದು 1468. ಅದಕ್ಕಿಂತ ದೊಡ್ಡದು ಕೇಳಬಹುದು, 65464ರವರೆಗೂ ಅವಕಾಶ ಇದೆ. ಆದರೆ ಪ್ಯಾಕೆಟ್ ತುಂಡಾಗುತ್ತದೆ, ಬೂಟ್‌ಲೋಡರ್‌ಗಳಿಗೆ ಆ ತುಂಡುಗಳನ್ನು ಜೋಡಿಸಲು ಬರದೇ ಇರಬಹುದು. 1468ರಲ್ಲಿ ಹೊಸಬೂಟ್ ಅವರ ಫೈಲಿಗೆ 5358 ಬ್ಲಾಕ್ ಸಾಕು. ಮೇಲೆ ಹೇಳಿದ 13 ನಿಮಿಷ ನಾಲ್ಕೂವರೆಗೆ ಇಳಿಯುತ್ತದೆ.

2015ರಲ್ಲಿ ಆರ್‌ಎಫ್‌ಸಿ 7440 ಬಂತು, ವಿಂಡೋಸೈಜ್. ಒಂದು ಎಕ್‌ಗೆ ಹಲವು ಬ್ಲಾಕ್ ಒಟ್ಟಿಗೆ ಕಳಿಸಬಹುದು. ಎರಡೂ ಕಡೆ ಅದು ಇದ್ದರೆ ವೇಗ ಚೆನ್ನಾಗಿ ಏರುತ್ತದೆ.

ಮೋಡದಾಚೆ:
ನೋಡಿ, ಹೀಗೆ ಒಂದೊಂದೇ ತೇಪೆ ಹಾಕಿ ಟಿಸಿಪಿ ಕಡೆಗೇ ನಡೆಯುತ್ತಿದ್ದೀರಿ.

ಬೂಟ್‌ರಾಮ್:
ತೇಪೆ ಬೇಡದವರು ಹಾಕಿಕೊಳ್ಳುವುದಿಲ್ಲ, ಅದೇ ಅದರ ಒಳ್ಳೆಯತನ. ನಾನು ಮಾಡುವುದು ಹೀಗೆ: ಪಿಎಕ್ಸ್‌ಇಯಲ್ಲಿ (ಡಿಸ್ಕ್ ಬದಲು ನೆಟ್‌ವರ್ಕ್‌ನಿಂದ ಬೂಟ್ ಆಗುವುದು) ಮೊದಲ ಪುಟ್ಟ ಫೈಲ್ ಮಾತ್ರ ಟಿಎಫ್‌ಟಿಪಿಯಿಂದ. ಆ ಫೈಲ್ ಐಪಿಎಕ್ಸ್‌ಇ ಅನ್ನುವ ಬೂಟ್ ಪ್ರೋಗ್ರಾಂ. ಅದು ಎದ್ದಮೇಲೆ ಕರ್ನಲ್, ಇನಿಟ್‌ಆರ್‌ಡಿ, ದೊಡ್ಡ ಇಮೇಜ್ ಎಲ್ಲಾ ಎಚ್‌ಟಿಟಿಪಿಯಿಂದ ಇಳಿಸುತ್ತದೆ. ಸಣ್ಣ ಕೆಲಸ ಸಣ್ಣದಕ್ಕೆ, ದೊಡ್ಡದು ದೊಡ್ಡದಕ್ಕೆ.

ಮೋಡದಾಚೆ:
ಇದಕ್ಕೆ ನನ್ನ ತಕರಾರಿಲ್ಲ. ನಾನು ಹೇಳಬೇಕೆಂದಿದ್ದೂ ಇದನ್ನೇ.

ಕಲಿಕೆಗಾರ್ತಿ:
ಪಿಎಕ್ಸ್‌ಇ ಮಾತು ಬಂತಲ್ಲ, ನನ್ನ ಸರ್ವರ್ ಲಾಗ್ ತುಂಬಾ "ಫೈಲ್ ನಾಟ್ ಫೌಂಡ್" ಸಾಲುಗಳು. ಹತ್ತಿಪ್ಪತ್ತು ಸಾಲು ಬಂದಮೇಲೆ ಕೊನೆಗೆ ಬೂಟ್ ಆಗುತ್ತದೆ. ಇದು ಸರಿಯಾ?

ನೀಲಿತಂತಿ:
ಪಿಎಕ್ಸ್‌ಲಿನಕ್ಸ್ ಅನ್ನುವ ಬೂಟ್ ಪ್ರೋಗ್ರಾಂ ಇರಬೇಕು. ಅದು ತನ್ನ ಕಾನ್ಫಿಗ್ ಹುಡುಕುವ ರೀತಿಯೇ ಹಾಗೆ. ಮೊದಲು ಯುಯುಐಡಿ (ಯಂತ್ರದ ಗುರುತಿನ ಸಂಖ್ಯೆ) ಹೆಸರಿನ ಫೈಲ್, ಆಮೇಲೆ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸದ್ದು, ಆಮೇಲೆ ಐಪಿಯನ್ನು ಹೆಕ್ಸ್‌ನಲ್ಲಿ ಬರೆದದ್ದು. ಅದೂ ಇಲ್ಲದಿದ್ದರೆ ಹೆಕ್ಸ್‌ನ ಕೊನೆಯ ಅಕ್ಷರ ಒಂದೊಂದೇ ಬಿಡುತ್ತಾ ಬರುತ್ತದೆ, ಕಟ್ಟಕಡೆಗೆ ಡಿಫಾಲ್ಟ್. ಟಿಎಫ್‌ಟಿಪಿಯಲ್ಲಿ ಪಟ್ಟಿ ಕೇಳಲು ಆಗುವುದಿಲ್ಲವಲ್ಲ, ಹೀಗೆ ಒಂದೊಂದು ಹೆಸರು ಕೇಳಿಯೇ ತಿಳಿಯಬೇಕು. ಗಾಬರಿ ಬೇಡ. ರಾಸ್‌ಬೆರಿ ಪೈ ನೆಟ್‌ಬೂಟ್‌ನಲ್ಲೂ ಹೀಗೆಯೇ, ಮೊದಲು ಬೋರ್ಡಿನ ಸೀರಿಯಲ್ ನಂಬರ್ ಹೆಸರಿನ ಫೋಲ್ಡರ್‌ನಲ್ಲಿ ಹುಡುಕುತ್ತದೆ.

ಗಡಿಕಾವಲು:
ಸುರಕ್ಷತೆ ಬಗ್ಗೆ ಮೋಡದಾಚೆ ಅವರು ಒಂದೇ ಸಾಲು ಹೇಳಿ ಬಿಟ್ಟರು, ಯಾರೂ ಅದನ್ನು ಹಿಡಿಯಲಿಲ್ಲ. ನನಗೆ ಅದೇ ಮುಖ್ಯ.

ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಎಲ್ಲಾ ಸ್ವಿಚ್‌ಗಳ ಕಾನ್ಫಿಗ್ ರಾತ್ರಿ ಟಿಎಫ್‌ಟಿಪಿ ಸರ್ವರ್‌ಗೆ ಬ್ಯಾಕಪ್ ಆಗುತ್ತಿತ್ತು. ಫೈಲಿನ ಹೆಸರು ಸ್ವಿಚ್‌ನ ಹೆಸರೇ. ಸ್ವಿಚ್‌ನ ಹೆಸರು ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ. ಅಂದರೆ ಆ ಚೀಟಿ ಓದಿದ ಯಾರು ಬೇಕಾದರೂ ಯಾವ ಟೇಬಲ್‌ನಿಂದ ಬೇಕಾದರೂ ಆ ಕಾನ್ಫಿಗ್ ತರಿಸಿಕೊಳ್ಳಬಹುದಿತ್ತು. ಒಳಗೆ ಎಸ್‌ಎನ್‌ಎಂಪಿಯ (ಸಾಧನಗಳನ್ನು ದೂರದಿಂದ ನೋಡಿಕೊಳ್ಳುವ ಪ್ರೋಟೊಕಾಲ್) ಗುಟ್ಟಿನ ಪದಗಳು, ಪಾಸ್‌ವರ್ಡ್‌ಗಳ ಹ್ಯಾಶ್‌ಗಳು. "ಪಟ್ಟಿ ಕಾಣುವುದಿಲ್ಲ, ಹಾಗಾಗಿ ಸುರಕ್ಷಿತ" ಅಂತ ಅಲ್ಲಿ ಎಲ್ಲರೂ ನಂಬಿದ್ದರು. ಹೆಸರು ಊಹಿಸಲು ಬಂದರೆ ಪಟ್ಟಿ ಯಾಕೆ ಬೇಕು?

2001ರ ನಿಮ್ಡಾ, 2003ರ ಬ್ಲಾಸ್ಟರ್ ಎರಡೂ ವರ್ಮ್‌ಗಳು ತಮ್ಮ ನಕಲನ್ನು ಹೊಸ ಯಂತ್ರಕ್ಕೆ ಎಳೆದುಕೊಳ್ಳಲು ಟಿಎಫ್‌ಟಿಪಿಯನ್ನೇ ಬಳಸಿದವು. ವಿಂಡೋಸ್‌ನಲ್ಲಿ ಆಗ ಕ್ಲೈಂಟ್ ಸಿದ್ಧವಾಗಿಯೇ ಇತ್ತು. ಇಂಟರ್‌ನೆಟ್‌ಗೆ 69 ತೆರೆದಿಡಬೇಡಿ. ಬೂಟ್ ಕೆಲಸಕ್ಕೆ ಪ್ರತ್ಯೇಕ ವಿಲ್ಯಾನ್ (ಉಳಿದದ್ದರಿಂದ ಬೇರ್ಪಡಿಸಿದ ನೆಟ್‌ವರ್ಕ್) ಮಾಡಿ. ಓದಲು ಮಾತ್ರ ಬಿಡಿ, ಬರೆಯಲು ಬಿಡಬೇಡಿ. ಹೊಸಬೂಟ್ ಅವರೇ, ಕೆಲಸ ಮುಗಿದಮೇಲೆ ಸರ್ವರ್ ನಿಲ್ಲಿಸಿ, ಆ 69 ಮುಚ್ಚಿ.

ಅಡ್ಮಿನ್ ಅಕ್ಕ:
ಪೂರ್ತಿ ಒಪ್ಪುತ್ತೇನೆ. ಟಿಎಫ್‌ಟಿಪಿಡಿ-ಎಚ್‌ಪಿಎ ಸುಮ್ನೆ ಬಿಟ್ಟರೆ ಹೊಸ ಫೈಲ್ ಹುಟ್ಟಿಸಲು ಬಿಡುವುದಿಲ್ಲ, ಮೊದಲೇ ಇರುವ ಮತ್ತು ಎಲ್ಲರೂ ಬರೆಯಬಹುದಾದ ಫೈಲಿನ ಮೇಲೆ ಮಾತ್ರ ಬರೆಯುತ್ತದೆ. ಅಪ್‌ಲೋಡ್ ಆಗುತ್ತಿಲ್ಲ ಅಂತ "ಕ್ರಿಯೇಟ್" ಆಯ್ಕೆ ಹಾಕಿ ಮರೆತುಬಿಡುವವರು ಬಹಳ.

ಹೊಸಬೂಟ್:
ಅಪ್‌ಡೇಟ್: ಫ್ಲಾಶ್ ಅಳಿಸಿ ಬರೆದೆ, ರೌಟರ್ ಎದ್ದಿತು! ಲಾಗಿನ್ ಪುಟ ಬಂದಿದೆ. ಸರ್ವರ್ ನಿಲ್ಲಿಸಿದೆ, 69 ಮುಚ್ಚಿದೆ.

ಒಂದು ಸಣ್ಣ ತೊಂದರೆ ಮಧ್ಯದಲ್ಲಿ ಬಂದಿತ್ತು, ಬೇರೆಯವರಿಗೆ ಉಪಯೋಗ ಆಗಬಹುದು. ರೌಟರ್ ರೀಸ್ಟಾರ್ಟ್ ಮಾಡಿದಾಗಲೆಲ್ಲ ಲ್ಯಾಪ್‌ಟಾಪ್‌ನ 192.168.1.2 ಹೋಗಿಬಿಡುತ್ತಿತ್ತು. ನೇರ ಕೇಬಲ್ ಆದ್ದರಿಂದ ಲಿಂಕ್ ಬಿದ್ದು ಎದ್ದಾಗ ನೆಟ್‌ವರ್ಕ್ ಮ್ಯಾನೇಜರ್ ಐಪಿ ತೆಗೆದುಹಾಕುತ್ತದೆ. ಮಧ್ಯದಲ್ಲಿ ಒಂದು ಸಾದಾ ಸ್ವಿಚ್ ಇಟ್ಟೆ. ಲ್ಯಾಪ್‌ಟಾಪ್ ಕಡೆಯ ಲಿಂಕ್ ಬೀಳಲೇ ಇಲ್ಲ.

ಈಗ ಹಳೆಯ ಟರ್ಮಿನಲ್ ಸರ್ ಹೇಳಿದ ಹಾಗೆ ಕ್ಲೈಂಟ್ ಬರೆಯಲು ಕೂತಿದ್ದೇನೆ. ಕೋರಿಕೆ ಹೋಗುತ್ತದೆ, ಮೊದಲ ಬ್ಲಾಕ್ ಬರುತ್ತದೆ. ಎಕ್ ಕಳಿಸಿದಮೇಲೂ ಅದೇ ಮೊದಲ ಬ್ಲಾಕ್ ಮತ್ತೆ ಮತ್ತೆ ಬರುತ್ತಿದೆ.

ಹಳೆಯ ಟರ್ಮಿನಲ್:
ಎಕ್ ಯಾವ ಪೋರ್ಟಿಗೆ ಹೋಗುತ್ತಿದೆ?

ಹೊಸಬೂಟ್:
69ಕ್ಕೆ! ಸಿಕ್ಕಿತು ಸರ್, ಬದಲಿಸಿದೆ. ಎರಡನೇ ಬ್ಲಾಕ್ ಬಂತು.